ಪವರ್ ಟಿಲ್ಲರ್ ಎಂಜಿನ್: ಕಂಪ್ರೆಷನ್ ಸ್ಟ್ರೋಕ್‌ನಲ್ಲಿ ಟಿ.ಡಿ.ಸಿ. ಗುರುತಿಸುವ ಕ್ರಮ

ಚಿಕ್ಕನಾಯಕನಹಳ್ಳಿ, ತಿಪಟೂರು ಹಾಗೂ ತುರುವೇಕೆರೆ ತಾಲ್ಲೂಕುಗಳ ತೆಂಗಿನ ತೋಟಗಳಲ್ಲಿ ಸಾಲುಗಳ ನಡುವಿನ ಉಳುಮೆಗೆ ಪವರ್ ಟಿಲ್ಲರ್ ಬಳಕೆಯಲ್ಲಿದೆ. ಇದರ ಏಕ ಸಿಲಿಂಡರ್ ಡೀಸೆಲ್ ಎಂಜಿನ್‌ನ ಟ್ಯಾಪೆಟ್ ಅಂತರ ಸರಿಪಡಿಸುವ ಮುನ್ನ ಪಿಸ್ಟನ್ನನ್ನು ಕಂಪ್ರೆಷನ್ ಸ್ಟ್ರೋಕ್‌ನ ಟಿ.ಡಿ.ಸಿ. ಸ್ಥಾನಕ್ಕೆ ತರುವುದು ಅವಶ್ಯಕ. ಈ ಕುರಿತು ರೈತ ಬಾಂಧವರ ಮಾಹಿತಿಗಾಗಿ ಕೆಳಕಂಡಂತೆ ವಿವರಿಸಲಾಗಿದೆ.

1. ಟಿ.ಡಿ.ಸಿ. ಎಂದರೇನು?
ಪಿಸ್ಟನ್ ಸಿಲಿಂಡರ್ ಹೆಡ್‌ಗೆ ಅತ್ಯಂತ ಸಮೀಪ ಬಂದು, ಹಿಂದಿರುಗುವ ಮುನ್ನ ಕ್ಷಣಕಾಲ ನಿಲ್ಲುವ ಸ್ಥಾನವೇ ಟಾಪ್ ಡೆಡ್ ಸೆಂಟರ್, ಅಂದರೆ ಟಿ.ಡಿ.ಸಿ. ಪವರ್ ಟಿಲ್ಲರ್‌ಗಳಲ್ಲಿ ಸಿಲಿಂಡರ್ ಸಾಮಾನ್ಯವಾಗಿ ಅಡ್ಡಲಾಗಿರುವುದರಿಂದ ಇಲ್ಲಿ 'ಟಾಪ್' ಎಂಬುದನ್ನು ಹೆಡ್ ಇರುವ ಕಡೆ ಎಂದು ತಿಳಿಯತಕ್ಕದ್ದು.

2. ಎರಡು ಟಿ.ಡಿ.ಸಿ.ಗಳ ವ್ಯತ್ಯಾಸ
ನಾಲ್ಕು ಸ್ಟ್ರೋಕ್ ಎಂಜಿನ್‌ನಲ್ಲಿ ಸಕ್ಷನ್, ಕಂಪ್ರೆಷನ್, ಪವರ್ ಮತ್ತು ಎಗ್ಸಾಸ್ಟ್ ಪೂರ್ಣಗೊಳ್ಳಲು ಕ್ರ್ಯಾಂಕ್ ಶಾಫ್ಟ್ 2 ಸುತ್ತು ತಿರುಗುತ್ತದೆ. ಆದ್ದರಿಂದ ಪಿಸ್ಟನ್ 2 ಬಾರಿ ಟಿ.ಡಿ.ಸಿ.ಗೆ ಬರುತ್ತದೆ. ಫ್ಲೈವೀಲ್ ಗುರುತು ಎರಡು ಬಾರಿಯೂ ಒಂದೇ ಸ್ಥಳದಲ್ಲಿ ನಿಲ್ಲುವುದರಿಂದ ಅದೊಂದನ್ನೇ ನಂಬತಕ್ಕದ್ದಲ್ಲ.
ಕಂಪ್ರೆಷನ್ ಅಂತ್ಯದಲ್ಲಿ ಎರಡೂ ವಾಲ್ವ್‌ಗಳು ಮುಚ್ಚಿರುತ್ತವೆ. ಎಗ್ಸಾಸ್ಟ್ ಅಂತ್ಯದಲ್ಲಿ ಎರಡೂ ಅಲ್ಪ ತೆರೆದಿರುತ್ತವೆ. ಅಲ್ಲಿ ಟ್ಯಾಪೆಟ್ ಅಂತರ ಹೊಂದಿಸಿದಲ್ಲಿ ನಿಜವಾದ ಅಂತರ ಮಿತಿಮೀರಿ, ವಾಲ್ವ್ ತಡವಾಗಿ ತೆರೆದು ಬೇಗನೆ ಮುಚ್ಚುತ್ತದೆ. ಶಬ್ದ ಹೆಚ್ಚಿ ಶಕ್ತಿ ಕುಗ್ಗುತ್ತದೆ. ಅಂತರ ತೀರಾ ಕಡಿಮೆಯಾದಲ್ಲಿ ಬಿಸಿಯಾದಾಗ ವಾಲ್ವ್ ಪೂರ್ಣ ಮುಚ್ಚದೆ ಕಂಪ್ರೆಷನ್ ಸೋರಿ, ವಾಲ್ವ್ ಸುಡುವ ಸಂಭವವಿದೆ.

3. ಮುನ್ನೆಚ್ಚರಿಕೆ
ಅ) ಎಂಜಿನ್ ನಿಲ್ಲಿಸಿ, ಪೂರ್ಣ ತಣಿದ ನಂತರವೇ ಕೆಲಸ ಪ್ರಾರಂಭಿಸುವುದು.
ಆ) ಇಂಧನ ಬಂದ್ ಮಾಡಿ, ಥ್ರಾಟಲ್ ಅನ್ನು ನಿಲುಗಡೆ ಸ್ಥಾನದಲ್ಲಿಡುವುದು, ಗೇರ್ ನ್ಯೂಟ್ರಲ್‌ನಲ್ಲಿರತಕ್ಕದ್ದು.
ಇ) ಸ್ವಯಂಚಾಲಿತ ಸ್ಟಾರ್ಟರ್ ಇದ್ದಲ್ಲಿ ಬ್ಯಾಟರಿ ಸಂಪರ್ಕ ಕಳಚುವುದು.
ಈ) ಬೆಲ್ಟ್ ಮತ್ತು ಪುಲ್ಲಿ ನಡುವೆ ಬೆರಳು ಇಡಬಾರದು.

4. ಅನುಸರಿಸಬೇಕಾದ ಕ್ರಮ
ಅ) ವಾಲ್ವ್ ಕವರ್ ತೆಗೆದು ಇನ್ಲೆಟ್ ಮತ್ತು ಎಗ್ಸಾಸ್ಟ್ ವಾಲ್ವ್‌ಗಳನ್ನು ಗುರುತಿಸಿಕೊಳ್ಳುವುದು. ಏರ್ ಕ್ಲೀನರ್ ಕಡೆಯದು ಇನ್ಲೆಟ್, ಸೈಲೆನ್ಸರ್ ಕಡೆಯದು ಎಗ್ಸಾಸ್ಟ್.
ಆ) ಎಂಜಿನ್ ಓಡುವ ದಿಕ್ಕಿನಲ್ಲಿಯೇ ಫ್ಲೈವೀಲ್ ಅನ್ನು ಕೈಯಿಂದ ನಿಧಾನವಾಗಿ ತಿರುಗಿಸುವುದು.
ಇ) ಇನ್ಲೆಟ್ ವಾಲ್ವ್ ಒಳಸರಿದು ತೆರೆದು, ಮತ್ತೆ ಪೂರ್ಣ ಮುಚ್ಚುವವರೆಗೆ ಗಮನಿಸುವುದು. ನಂತರದ್ದೇ ಕಂಪ್ರೆಷನ್.
ಈ) ಅಲ್ಲಿಂದ ಅರ್ಧ ಸುತ್ತಿಗಿಂತ ಸ್ವಲ್ಪ ಕಡಿಮೆ ತಿರುಗಿಸಿದಾಗ ಟಿ.ಡಿ.ಸಿ. ಗುರುತು ಸೂಚಕದ ಎದುರು ಬರುತ್ತದೆ. ಅಲ್ಲಿ ನಿಲ್ಲಿಸುವುದು.

5. ಖಚಿತಪಡಿಸಿಕೊಳ್ಳುವ ವಿಧಾನ
ಡಿಕಂಪ್ರೆಷನ್ ಲಿವರ್ ಬಿಡುಗಡೆಯಾಗಿರಬೇಕು. ಇಲ್ಲವಾದಲ್ಲಿ ಅದು ವಾಲ್ವನ್ನು ತೆರೆದಿಟ್ಟು ತಪ್ಪು ಸೂಚನೆ ನೀಡುತ್ತದೆ. ಬಳಿಕ ಎರಡೂ ರಾಕರ್‌ಗಳನ್ನು ಬೆರಳಿನಿಂದ ಅಲುಗಿಸುವುದು. ಎರಡೂ ಸಡಿಲವಾಗಿದ್ದು, ಫ್ಲೈವೀಲನ್ನು ಅತ್ತಿತ್ತ ಸ್ವಲ್ಪ ತಿರುಗಿಸಿದಾಗಲೂ ವಾಲ್ವ್‌ಗಳು ಚಲಿಸದಿದ್ದಲ್ಲಿ ಸ್ಥಾನ ಸರಿ. ಒಂದು ಮುಚ್ಚುತ್ತಾ ಇನ್ನೊಂದು ತೆರೆಯುತ್ತಿದ್ದಲ್ಲಿ ಅದು ಎಗ್ಸಾಸ್ಟ್ ಅಂತ್ಯ. ಪೂರ್ಣ 1 ಸುತ್ತು ಮುಂದೆ ತಿರುಗಿಸತಕ್ಕದ್ದು.

6. ಸಾಮಾನ್ಯ ಪ್ರಶ್ನೆಗಳು
ಪ್ರಶ್ನೆ: ಫ್ಲೈವೀಲ್ ಮೇಲೆ ಎರಡು ಗುರುತುಗಳಿದ್ದರೆ?
ಉತ್ತರ: ಇಂಜೆಕ್ಷನ್ ಟಿ.ಡಿ.ಸಿ.ಗಿಂತ ಮುಂಚೆಯೇ ಆರಂಭವಾಗುವುದರಿಂದ, ಓಡುವ ದಿಕ್ಕಿನಲ್ಲಿ ಮೊದಲು ಬರುವುದು ಸಾಮಾನ್ಯವಾಗಿ ಇಂಜೆಕ್ಷನ್ ಗುರುತು, ನಂತರದ್ದು ಟಿ.ಡಿ.ಸಿ. ಎಂಜಿನ್ ಕೈಪಿಡಿಯೊಂದಿಗೆ ಹೋಲಿಸಿ ನೋಡುವುದು.

ಪ್ರಶ್ನೆ: ಟ್ಯಾಪೆಟ್ ಅಂತರ ಎಷ್ಟಿರಬೇಕು?
ಉತ್ತರ: ಮಾದರಿಯಿಂದ ಮಾದರಿಗೆ ಭಿನ್ನ. ಆಯಾ ಕೈಪಿಡಿಯ ಅಳತೆಯನ್ನು ಫೀಲರ್ ಗೇಜ್‌ನಿಂದ ಹೊಂದಿಸತಕ್ಕದ್ದು. ಬೇರೆಯವರ ಟಿಲ್ಲರ್‌ನ ಅಳತೆ ಅನ್ವಯಿಸದು.

7. ಅರ್ಜಿದಾರರ ಗಮನಕ್ಕೆ
ವಾರಂಟಿ ಅವಧಿಯಲ್ಲಿರುವ ಯಂತ್ರವನ್ನು ಅಧಿಕೃತ ಸೇವಾ ಕೇಂದ್ರದಲ್ಲಿಯೇ ಸರಿಪಡಿಸಿಕೊಳ್ಳುವುದು. ಖರೀದಿ ಬಿಲ್ಲು ಮತ್ತು ವಾರಂಟಿ ಪತ್ರ ಜೋಪಾನವಾಗಿರಲಿ. ಹದ ತಪ್ಪುವ ಮುನ್ನ ಉಳುಮೆ ಆಗಬೇಕಿದ್ದು ಸ್ವಂತ ಯಂತ್ರ ದುರಸ್ತಿಯಲ್ಲಿದ್ದಲ್ಲಿ, ಕೃಷಿ ಯಂತ್ರಧಾರೆ ಬಾಡಿಗೆ ಕೇಂದ್ರದಲ್ಲಿ ವಿಚಾರಿಸಬಹುದು. ಹೊಸ ಯಂತ್ರದ ಸಹಾಯಧನದ ಕುರಿತು ಹುಳಿಯಾರು, ಕಂದಿಕೆರೆ, ಶೆಟ್ಟಿಕೆರೆ, ಹಂದನಕೆರೆ ಹಾಗೂ ಕಸಬಾ ಹೋಬಳಿಗಳ ರೈತರು ತಮ್ಮ ರೈತ ಸಂಪರ್ಕ ಕೇಂದ್ರವನ್ನು, ಫ್ರೂಟ್ಸ್ ನೋಂದಣಿ ಸಂಖ್ಯೆಯೊಂದಿಗೆ, ಕಚೇರಿ ವೇಳೆಯಲ್ಲಿ ಸಂಪರ್ಕಿಸಲು ಕೋರಿದೆ.