ಮರದ ಕಂಬಗಳ ಮೇಲಣ ಸಭಾಮಂದಿರ

ಪ್ರಾಚೀನ ಕಟ್ಟಡವೆಂದೊಡನೆ ನಮ್ಮ ಮನಸ್ಸಿಗೆ ಬರುವುದು ಕಲ್ಲು. ಬೇಲೂರು, ಸೋಮನಾಥಪುರಗಳನ್ನು ಕಂಡ ಕಣ್ಣಿಗೆ ಮರದ ಮನೆಯೂ ಚರಿತ್ರೆಯ ವಸ್ತುವೆಂದು ತೋರುವುದು ಕಷ್ಟ. ಆದರೆ ದೊರೆಗಳು ಓಲಗಗೊಟ್ಟದ್ದೂ ಪ್ರಜೆಗಳ ಅಹವಾಲನ್ನು ಕೇಳಿದ್ದೂ ಎಷ್ಟೋ ವೇಳೆ ಮರದ ಮುಚ್ಚಿಗೆಯ ಕೆಳಗೆ.

ಮುಳ್ಳೂರು, ಕೊಳ್ಳೇಗಾಲ, ಯಳಂದೂರುಗಳ ಕಡೆಯ ಹಳೆಯ ತೊಟ್ಟಿಮನೆಯನ್ನು ಹೊಕ್ಕವರಿಗೆ ಈ ಕ್ರಮದ ಗುಟ್ಟು ತಿಳಿದೇ ಇದೆ. ಬುಡಕ್ಕೆ ಕಲ್ಲಿನ ಪೀಠ, ಅದರ ಮೇಲೆ ಮರದ ಕಂಬ, ಕಂಬದ ತಲೆಗೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತೆ. ಪೀಠವಿರುವುದು ಅಂದಕ್ಕಲ್ಲ, ನೆಲದ ತೇವವೂ ಗೆದ್ದಲೂ ಮರಕ್ಕೇರಬಾರದೆಂದು.

ಈ ಕ್ರಮವೇ ರಾಜವೈಭವವನ್ನು ತಾಳಿ ನಿಂತಿರುವುದು ಬೆಂಗಳೂರು ಕೋಟೆಯ ಅರಮನೆಯಲ್ಲಿ. 1781ರಲ್ಲಿ ಹೈದರಾಲಿಯು ಪ್ರಾರಂಭಿಸಿದ ಈ ಕಟ್ಟಡವನ್ನು 1791ರಲ್ಲಿ ಟಿಪ್ಪುಸುಲ್ತಾನನು ಪೂರ್ಣಗೊಳಿಸಿದನು. ಎರಡು ಅಂತಸ್ತು, ಕಲ್ಲಿನ ಪೀಠಗಳ ಮೇಲೆ ತೇಗದ ಎತ್ತರವಾದ ಕಂಬಗಳು, ಅವುಗಳ ನಡುವೆ ದಳದಳವಾಗಿ ಕೊರೆದ ಕಮಾನುಗಳು. ಮೇಲಂತಸ್ತಿನ ಮೊಗಸಾಲೆಗಳಲ್ಲಿ ಕುಳಿತು ಸುಲ್ತಾನನು ರಾಜಕಾರ್ಯವನ್ನು ನಡೆಸುತ್ತಿದ್ದನು. ‘ಸ್ವರ್ಗಕ್ಕೂ ಅಸೂಯೆ’ ಎಂಬರ್ಥದ ಪಾರಸಿ ಹೆಸರನ್ನು ಇದಕ್ಕಿಟ್ಟರು. ಸ್ವರ್ಗದ ಮಾತು ಹಾಗಿರಲಿ. ಕಲ್ಲಿನಲ್ಲಿ ಇಷ್ಟು ಸಣ್ಣ ಕಂಬಗಳ ಮೇಲೆ ಇಷ್ಟು ಗಾಳಿಬೆಳಕನ್ನು ಬಿಡುವುದು ಕಠಿನವೆಂಬುದಂತೂ ನಿಜ.

ಇದಕ್ಕಿಂತ ಸುಮಾರು ಎರಡೂವರೆ ಶತಮಾನ ಮೊದಲು, 1530ರ ಸುಮಾರಿಗೆ, ಇಂಗ್ಲೆಂಡಿನ ಸಫೊಕ್ ಪ್ರಾಂತದ ಲ್ಯಾವನ್‌ಹ್ಯಾಮಿನಲ್ಲಿ ಒಂದು ಗಿಲ್ಡಿನ ಸಭಾಭವನವು ಎದ್ದಿತು. ಗಿಲ್ಡೆಂದರೆ ಸಂಘ. ನಮ್ಮ ಅಯ್ಯಾವೊಳೆಯ ಐನೂರ್ವರು ವರ್ತಕರ ಸಂಘ. ಲ್ಯಾವನ್‌ಹ್ಯಾಮಿನದು ಉಣ್ಣೆಬಟ್ಟೆಯ ವ್ಯಾಪಾರದಿಂದ ಕೊಬ್ಬಿದ ಊರಿನಲ್ಲಿ ಧರ್ಮಕಾರ್ಯಕ್ಕಾಗಿ ಕೂಡಿದ ಸಂಘ. ಐನೂರ್ವರನ್ನು ನಾವು ಬಲ್ಲುದು ಶಾಸನಗಳಿಂದ. ಇವರನ್ನಾದರೋ ಮನೆಯಿಂದಲೇ ಬಲ್ಲೆವು. ಅಲ್ಲಿ ತೇಗಕ್ಕೆ ಬದಲು ಓಕ್. ಒಂದು ತೊಲೆಯ ತುದಿಯನ್ನು ನಾಲಗೆಯಂತೆ ಕೊರೆದು, ಮತ್ತೊಂದರ ತೂತಿನಲ್ಲಿ ಕೂಡಿಸಿ, ಮರದ ಗೂಟವನ್ನು ಜಡಿದರೆ ಸಂದು ಬಿಗಿಯಿತು. ಮೇಲಂತಸ್ತು ಬೀದಿಯ ಕಡೆಗೆ ಚಾಚಿಕೊಂಡಿದೆ. ಭಾರವೆಲ್ಲ ಚೌಕಟ್ಟಿನದು, ಗೋಡೆ ಬರಿಯ ಮರೆ. ಕಂಬಗಳ ನಡುವಣ ತೆರಪನ್ನು ಕಡ್ಡಿಯ ಹೆಣಿಗೆಯಿಂದ ತುಂಬಿ ಮಣ್ಣು ಮೆತ್ತುವುದು ಆ ದೇಶದ ವಾಡಿಕೆ. ನಮ್ಮವರು ಇದನ್ನು ಕಂಡರೆ ‘ಇದು ತಡಿಕೆಗೋಡೆಯಲ್ಲವೆ!’ ಎಂದಾರು.

ಎರಡು ಕಟ್ಟಡಗಳೂ ತಮ್ಮ ಯಜಮಾನರಿಗಿಂತ ಹೆಚ್ಚು ಕಾಲ ಬಾಳಿದುವು. 1547ರ ವೇಳೆಗೆ ಆ ಸಂಘವೇ ರದ್ದಾಯಿತು. ಭವನವು ಸೆರೆಮನೆಯಾಗಿ, ಬಡವರ ದುಡಿಮೆಯ ಮನೆಯಾಗಿ ಉಳಿಯಿತು. 1799ರಲ್ಲಿ ಟಿಪ್ಪು ಮಡಿದ ಮೇಲೆ ಬೆಂಗಳೂರಿನ ಅರಮನೆಯು ಸರ್ಕಾರದ ಕಚೇರಿಯಾಯಿತು. 1868ರಲ್ಲಿ ಹದಿನೆಂಟು ಇಲಾಖೆಗಳ ಅಠಾರ ಕಚೇರಿಗೆ ಗುಮಾಸ್ತರು ಹೊರಟುಹೋಗುವವರೆಗೆ ಮಳೆಗೆ ಮಾಡು ನೋಡುವವರಿದ್ದರು. ಮರದ ಮನೆಗೆ ಇದು ಸಣ್ಣ ಭಾಗ್ಯವಲ್ಲ. ಮಾಡು ಸೋರಿದರೆ ಮೊದಲು ಜಂತೆ, ಆಮೇಲೆ ತೊಲೆ, ಕೊನೆಗೆ ಕಂಬವೂ ಕೊಳೆಯುವುದು.

ಬೆಂಕಿಯದೇ ಬೇರೆ ಕಥೆ. ಮೈಸೂರಿನಲ್ಲಿ 1799ರ ತರುವಾಯ ಕಟ್ಟಿಸಿದ ಮರದ ಅರಮನೆಯು 1897ರಲ್ಲಿ, ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ವಿವಾಹದ ಕಾಲದಲ್ಲಿ, ಉರಿದುಹೋಯಿತು. ಅದರ ಜಾಗದಲ್ಲಿ ಹೆನ್ರಿ ಇರ್ವಿನ್ ಎಂಬ ಶಿಲ್ಪಿಯ ಯೋಜನೆಯಂತೆ 1912ರಲ್ಲಿ ಈಗಿನ ಅರಮನೆ ಸಿದ್ಧವಾಯಿತು. ಅದರ ಕಲ್ಯಾಣಮಂಟಪದಲ್ಲಿಯೂ ಕಂಬಗಳ ಸಾಲಿದೆ. ಆದರೆ ಅವು ತೇಗದವಲ್ಲ, ಗ್ಲಾಸ್ಗೋ ನಗರದಲ್ಲಿ ಎರಕ ಹೊಯ್ದು ತರಿಸಿದ ಕಬ್ಬಿಣದವು.