ನಾನ್‌ಖಟಾಯಿ ನಡೆದುಬಂದ ದಾರಿ

ದೀಪಾವಳಿ ಬಂದರೆ ಜತ್ತ ತಾಲೂಕಿನ ಮನೆಗಳಲ್ಲಿ ಉಂಡಿ, ಚಕ್ಕುಲಿ, ಶಂಕರಪಾಳಿಗಳ ಜೊತೆಗೆ ನಾನ್‌ಖಟಾಯಿಯೂ ಇರುತ್ತದೆ. ಈಗಿನ ಮಕ್ಕಳು ಅದನ್ನು ತಟ್ಟೆಯಲ್ಲಿ ಸಾಲಾಗಿ ಜೋಡಿಸಿ, ಮೊಬೈಲಿನಲ್ಲಿ ಚಿತ್ರ ತೆಗೆದು, ‘ಕುಕೀಸ್’ ಎಂದು ಬರೆದು ಬಂಧುಗಳಿಗೆ ಕಳಿಸಿದ ಮೇಲೆಯೇ ಬಾಯಿಗಿಡುತ್ತಾರೆ. ಚಿತ್ರಕ್ಕೆ ನಮ್ಮ ಆಕ್ಷೇಪವಿಲ್ಲ. ಹೆಸರಿನ ವಿಷಯದಲ್ಲಿ ಮಾತ್ರ ಎರಡು ಮಾತು ಹೇಳಬೇಕೆನಿಸುತ್ತದೆ.

‘ಕುಕೀ’ ಎಂಬುದು ಚಿಕ್ಕ ಕೇಕು ಎಂಬರ್ಥದ ಡಚ್ ಮಾತಿನಿಂದ ಇಂಗ್ಲಿಷಿಗೆ ಬಂದದ್ದು. ವಿನೋದವೆಂದರೆ, ನಾನ್‌ಖಟಾಯಿಯ ಕಥೆಯಲ್ಲಿಯೂ ಡಚ್ಚರೇ ಇದ್ದಾರೆ. ಅವರ ಈಸ್ಟ್ ಇಂಡಿಯಾ ಕಂಪನಿ 1616ರಲ್ಲಿ ಸೂರತ್ತಿನಲ್ಲಿ ಕೋಠಿ ತೆರೆಯಿತು. 1824ರ ಒಪ್ಪಂದದಂತೆ ಸೂರತ್ತನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟು ಹೊರಡುವಾಗ ಡಚ್ಚರು ತಮ್ಮ ಬ್ರೆಡ್ಡಿನ ಭಟ್ಟಿಯನ್ನು ದೋತಿವಾಲಾ ಎಂಬ ಪಾರ್ಸಿ ಮನೆತನಕ್ಕೆ ಒಪ್ಪಿಸಿದರಂತೆ. ಹೆಂಡದಿಂದ ಹುಳಿ ಬರಿಸಿದ ಬ್ರೆಡ್ಡನ್ನು ಊರ ಜನ ಮುಟ್ಟದಿರಲು, ಆ ಮನೆಯವರು ಹೆಂಡ, ಮೊಟ್ಟೆಗಳೆರಡನ್ನೂ ಬಿಟ್ಟು ಹಿಟ್ಟು, ತುಪ್ಪ, ಸಕ್ಕರೆಗಳಿಂದಲೇ ಈ ತಿನಿಸು ಮಾಡಿದರೆಂಬುದು ಸೂರತ್ತಿನ ಪ್ರತೀತಿ. ಹೆಸರಾದರೋ ಪಾರಸಿಯದು. ‘ನಾನ್’ ಎಂದರೆ ರೊಟ್ಟಿ. ‘ಖತಾಯಿ’ ಎಂದರೆ ಖತಾ ದೇಶದ್ದು, ಅಂದರೆ ಚೀನದ್ದು. ಆರು ಪದಾರ್ಥಗಳಿಂದಾದದ್ದರಿಂದ ಖಟಾಯಿ ಎನ್ನುವವರೂ ಉಂಟು; ನಮಗೆ ಮೊದಲನೆಯದೇ ಸಮಂಜಸವೆನಿಸುತ್ತದೆ.

ನಮ್ಮದು ಜೋಳದ ಸೀಮೆ. ರೊಟ್ಟಿಗೆ ಹಂಚು, ಕರಿಯಲು ಬಾಣಲೆ ಇದ್ದರೆ ಅಡಿಗೆಮನೆ ಪೂರ್ಣ. ಮೇಲೂ ಕೆಳಗೂ ಸಮನಾಗಿ ಕಾವು ಕೊಡುವ ಭಟ್ಟಿ ಯಾರ ಮನೆಯಲ್ಲಿಯೂ ಇರಲಿಲ್ಲ. ಆದುದರಿಂದ ಮೈದಾ, ಪುಡಿಸಕ್ಕರೆ, ತುಪ್ಪ ಅಥವಾ ದಾಲ್ದಾ ಹೊತ್ತುಕೊಂಡು ಪೇಟೆಯ ಬೇಕರಿಗೆ ಹೋಗುವುದು ರೂಢಿಯಾಯಿತು. ಸಾಮಾನು ಮನೆಯದು, ಬೆಂಕಿ ಭಟ್ಟಿಯವನದು, ಕೂಲಿ ಕಿಲೋ ಲೆಕ್ಕದಲ್ಲಿ. ಹಬ್ಬದ ಹಿಂದಿನ ದಿನಗಳಲ್ಲಿ ಹೆಂಗಸರು ಖಾಲಿ ಡಬ್ಬಿ ಹಿಡಿದು ಸರದಿ ಕಾಯುವರು. ತಮ್ಮ ತುಪ್ಪ ಇನ್ನೊಬ್ಬರ ಹಿಟ್ಟಿಗೆ ಸೇರದಂತೆ ಕಣ್ಣಿಟ್ಟಿರುವರು! ತುಪ್ಪ ಸಕ್ಕರೆಗಳನ್ನು ಬೆಳ್ಳಗಾಗುವವರೆಗೆ ಅಂಗೈಯಿಂದ ತಿಕ್ಕಿ, ನೀರು ಸೋಕಿಸದೆ ಹಿಟ್ಟು ಬೆರೆಸಿ, ಚಿಟಿಕೆ ಸೋಡಾ ಹಾಕಿ ಉಂಡೆ ಕಟ್ಟಿ ತಗಡಿನ ಮೇಲೆ ಇಡುತ್ತಾರೆ. ಕಾವಿಗೆ ಸೋಡಾದ ಅನಿಲ ಉಬ್ಬಿ ಮೇಲ್ಮೈ ಬಿರಿಯುತ್ತದೆ. ಮಕ್ಕಳ ಚಿತ್ರಗಳಲ್ಲಿ ಅಂದವಾಗಿ ಕಾಣುವುದು ಆ ಬಿರುಕೇ.

ನಾವು ಕಂಡ ಹಳೆಯ ಆಲ್ಬಮುಗಳಲ್ಲಿ ಮದುವೆಗಳಿವೆ, ಶಾಲೆಯ ಗುಂಪುಚಿತ್ರಗಳಿವೆ; ಭಟ್ಟಿಯ ಮುಂದಿನ ಆ ಸಾಲು ಒಂದರಲ್ಲಿಯೂ ಇಲ್ಲ. ಕಟ್ಟಿಗೆಯ ಭಟ್ಟಿಗಳೂ ಕಡಿಮೆಯಾಗುತ್ತಿವೆ. ಸಂಘದ ಮನೆಗಳ ಮಕ್ಕಳು ಬರುವ ದೀಪಾವಳಿಗೆ ತಟ್ಟೆಯೊಡನೆ ಭಟ್ಟಿಯನ್ನು, ತಗಡನ್ನು, ಭಟ್ಟಿಯವನನ್ನೂ ಕೇಳಿ ಚಿತ್ರ ತೆಗೆಯಲಿ. ಕೆಳಗೆ ಅಜ್ಜಿಯ ಅಳತೆಯನ್ನೂ ಬರೆಯಲಿ, ನಾನ್‌ಖಟಾಯಿ ಎಂಬ ಹೆಸರಿನಲ್ಲಿಯೇ.