ಬಸ್ಸಿನ ಎಂಜಿನ್ ಹಿಂದಕ್ಕೆ ಹೋದ ಕಥೆ

ಮೈಸೂರಿನ ಹಿನಕಲ್‌ನಲ್ಲಿ, ಹುಣಸೂರು ರಸ್ತೆಯೂ ಹೊರ ವರ್ತುಲ ರಸ್ತೆಯೂ ಸಂಧಿಸುವ ಕಡೆ, ಅರ್ಧ ಗಂಟೆ ನಿಂತು ಬಸ್ಸುಗಳನ್ನು ನೋಡಿ. ಹುಣಸೂರು, ಪಿರಿಯಾಪಟ್ಟಣ, ಮಡಿಕೇರಿಗಳ ಕಡೆಗೆ ಹೋಗುವ ಕೆಂಪು ಬಸ್ಸುಗಳು, ನಗರ ಸಾರಿಗೆಯ ಬಸ್ಸುಗಳು, ಕಾರ್ಖಾನೆಗಳ ನೌಕರರನ್ನು ಕರೆದೊಯ್ಯುವ ಬಸ್ಸುಗಳು, ನಡುನಡುವೆ ಕರಾವಳಿಯತ್ತ ಸಾಗುವ ಒಂದು ಐರಾವತ. ಬಣ್ಣ, ಫಲಕಗಳನ್ನು ಬದಿಗಿಟ್ಟು ಇವನ್ನು ಎರಡು ಗುಂಪು ಮಾಡಬಹುದು: ಎಂಜಿನ್ ಮುಂದಿರುವವು ಮತ್ತು ಹಿಂದಿರುವವು. ಕಣ್ಣು ಮುಚ್ಚಿಕೊಂಡೂ ಇದನ್ನು ಹೇಳಬಹುದು. ಹತ್ತಿರ ಬರುವಾಗಲೇ ಜೋರಾಗಿ ಸದ್ದು ಮಾಡುವ ಬಸ್ಸಿಗೆ ಎಂಜಿನ್ ಮುಂದೆ. ಮೆಲ್ಲಗೆ ಬಂದು, ನಿಮ್ಮನ್ನು ದಾಟಿದ ಮೇಲೆ ಗುಡುಗುವ ಬಸ್ಸಿಗೆ ಎಂಜಿನ್ ಹಿಂದೆ. ಕಣ್ಣು ತೆರೆದರೆ, ಎರಡನೆಯ ಬಗೆಯ ಬಸ್ಸಿನ ಹಿಂಬದಿಯ ಪಕ್ಕದಲ್ಲಿ ರೇಡಿಯೇಟರಿಗೆ ಗಾಳಿ ಎಳೆದುಕೊಳ್ಳುವ ಜಾಲರಿಯೂ ಕಾಣುತ್ತದೆ.

ಎಂಜಿನ್ ಎಲ್ಲಿದ್ದರೇನು, ಬಸ್ಸು ಓಡಿದರೆ ಸಾಲದೇ ಎಂದು ನೀವು ಕೇಳಬಹುದು. ಹಾಗಾದರೆ ಇನ್ನೊಂದು ಕೆಲಸ ಮಾಡಿ. ಮಂಡಿನೋವಿನ ಅಜ್ಜಿಯೊಬ್ಬರು ಸಾಮಾನ್ಯ ಬಸ್ಸು ಹತ್ತುವುದನ್ನು ಗಮನಿಸಿ. ಮೊದಲು ಕೈಚೀಲ ಒಳಗೆ ಹೋಗುತ್ತದೆ, ಆಮೇಲೆ ಎರಡೂ ಕೈ ಕಂಬಿಯನ್ನು ಹಿಡಿಯುತ್ತವೆ, ಹಿಂದಿನಿಂದ ಯಾರೋ ಒಬ್ಬರು ಆಸರೆ ಕೊಡುತ್ತಾರೆ. ಆ ಬಸ್ಸಿನ ನೆಲ ರಸ್ತೆಯಿಂದ ಒಂದು ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಆ ಎತ್ತರಕ್ಕೂ ಎಂಜಿನ್ ಇರುವ ಜಾಗಕ್ಕೂ ನೇರ ಸಂಬಂಧವಿದೆ.

ಲಾರಿಯ ತಮ್ಮ

ಬಸ್ಸು ಹುಟ್ಟಿದ್ದು ಲಾರಿಯ ತಮ್ಮನಾಗಿ. ಎರಡು ಉದ್ದನೆಯ ಉಕ್ಕಿನ ತೊಲೆಗಳ ಚಾಸಿಸ್, ಮುಂದೆ ಎಂಜಿನ್, ಅದರ ಹಿಂದೆ ಗೇರ್‌ಬಾಕ್ಸ್, ಅಲ್ಲಿಂದ ಹಿಂದಿನ ಅಚ್ಚಿನವರೆಗೆ ಉದ್ದಕ್ಕೂ ತಿರುಗುವ ಪ್ರೊಪೆಲ್ಲರ್ ಶಾಫ್ಟ್. ಸರಕು ಹೇರುವ ಜಾಗದಲ್ಲಿ ಸೀಟು, ಚಾವಣಿ ಕೂರಿಸಿದರೆ ಬಸ್ಸಾಯಿತು. ತೊಲೆಗಳೂ ಶಾಫ್ಟೂ ನೆಲದಡಿಯಲ್ಲೇ ಹಾಯುವುದರಿಂದ ನೆಲವನ್ನು ಅವುಗಳ ಮೇಲೆಯೇ ಹಾಸಬೇಕು. ಅಜ್ಜಿ ಹತ್ತುವುದು ಈ ಎತ್ತರಕ್ಕೆ. ಇಷ್ಟಲ್ಲದೆ, ಬಸ್ಸಿನ ಅತ್ಯಂತ ಬೆಲೆಬಾಳುವ ಜಾಗ, ಅಂದರೆ ಚಾಲಕನ ಪಕ್ಕ, ಬಾಗಿಲಿಗೆ ಹೇಳಿ ಮಾಡಿಸಿದ ಸ್ಥಳ, ಎಂಜಿನ್ನಿಗೆ ಹೋಗುತ್ತದೆ. ಬಸ್ಸು ತುಂಬಿದಾಗ ಆ ಬಿಸಿ ಬಾನೆಟ್ಟಿನ ಮೇಲೆ ಕುಳಿತು ಪ್ರಯಾಣ ಮಾಡಿದವರು ನಿಮ್ಮಲ್ಲೂ ಇರಬಹುದು.

ಇದನ್ನು ತಪ್ಪಿಸುವ ಯೋಚನೆ ಹಳೆಯದು. ಅಮೆರಿಕದ ಫೇಜಲ್ ಸಹೋದರರು 1927ರಲ್ಲಿ ‘ಟ್ವಿನ್ ಕೋಚ್’ ಎಂಬ ಬಸ್ಸು ತಂದರು. ಅದರಲ್ಲಿ ಒಂದಲ್ಲ, ಎರಡು ಎಂಜಿನ್. ನಡುಭಾಗದಲ್ಲಿ, ಎರಡೂ ಪಕ್ಕದ ಸೀಟುಗಳ ಕೆಳಗೆ ಒಂದೊಂದು. ಮುಂಭಾಗ ಪೂರ್ತಿ ಖಾಲಿಯಾಯಿತು. ಮುಂದಿನ ಚಕ್ರಕ್ಕಿಂತಲೂ ಮುಂದೆ, ಚಾಲಕನ ಎದುರಿಗೇ, ಬಾಗಿಲು ಇಡಲು ಸಾಧ್ಯವಾಯಿತು. ಆದರೆ ಎರಡು ಎಂಜಿನ್ ಎಂದರೆ ಎರಡು ಪಟ್ಟು ರಿಪೇರಿ.

ಒಂದೇ ಎಂಜಿನ್ನನ್ನು ಬಾಲದಲ್ಲಿ ಇಡುವ ದಾರಿ 1930ರ ದಶಕದಲ್ಲಿ ತೆರೆಯಿತು. ಎಂಜಿನ್ನನ್ನು ಉದ್ದಕ್ಕೆ ಇಟ್ಟರೆ ಅದು ಹಿಂದಿನ ಅಚ್ಚಿನಿಂದ ಬಹಳ ಹೊರಗೆ ಚಾಚುತ್ತದೆ. ಅಡ್ಡಲಾಗಿ ಇಟ್ಟರೆ ಜಾಗ ಉಳಿಯುತ್ತದೆ, ಆದರೆ ಅಡ್ಡ ದಿಕ್ಕಿನ ತಿರುಗುವಿಕೆಯನ್ನು ಅಚ್ಚಿಗೆ ತಲಪಿಸುವುದು ಹೇಗೆ? ಡ್ವೈಟ್ ಆಸ್ಟಿನ್ ಎಂಬ ವಿನ್ಯಾಸಕಾರ ಇದಕ್ಕೆ ಕಂಡುಕೊಂಡ ಉಪಾಯ ಓರೆ ಶಾಫ್ಟ್. ಅಡ್ಡಲಾಗಿರುವ ಎಂಜಿನ್–ಗೇರ್‌ಬಾಕ್ಸಿನಿಂದ ಚಿಕ್ಕ ಶಾಫ್ಟೊಂದು ಓರೆಯಾಗಿ ಮುಂದಕ್ಕೆ ಚಾಚಿ ಡಿಫರೆನ್ಷಿಯಲ್ಲನ್ನು ಸೇರುತ್ತದೆ. ಮೇಲಿನಿಂದ ನೋಡಿದರೆ ಇಂಗ್ಲಿಷಿನ ‘ವಿ’ ಅಕ್ಷರ. ಯೆಲ್ಲೋ ಕೋಚ್ ಕಂಪನಿ ಇದನ್ನು ಬಳಸಿತು. 1940ರಿಂದ ಅಮೆರಿಕದ ನಗರಗಳನ್ನು ತುಂಬಿದ ಜನರಲ್ ಮೋಟಾರ್ಸ್ ಬಸ್ಸುಗಳ ಬಾಲದಲ್ಲಿದ್ದದ್ದೂ ಇದೇ ಜೋಡಣೆ.

ಈ ಬಸ್ಸುಗಳಲ್ಲಿ ಒಂದನ್ನು ಇತಿಹಾಸದ ವಿದ್ಯಾರ್ಥಿಗಳೂ ಬಲ್ಲರು. 1955ರ ಡಿಸೆಂಬರ್ 1ರಂದು ಮಾಂಟ್‌ಗೊಮರಿ ನಗರದಲ್ಲಿ ರೋಸಾ ಪಾರ್ಕ್ಸ್ ಬಿಳಿಯನಿಗೆ ಸೀಟು ಬಿಟ್ಟುಕೊಡಲು ಒಪ್ಪದೆ ಬಂಧನಕ್ಕೆ ಒಳಗಾದದ್ದು 1948ರಲ್ಲಿ ತಯಾರಾದ ಇಂಥದೊಂದು ಬಸ್ಸಿನಲ್ಲಿ. 2857 ಸಂಖ್ಯೆಯ ಆ ಬಸ್ಸು ಈಗ ಡಿಯರ್‌ಬಾರ್ನಿನ ಹೆನ್ರಿ ಫೋರ್ಡ್ ವಸ್ತುಸಂಗ್ರಹಾಲಯದಲ್ಲಿದೆ. ಕರಿಯರಿಗೆಂದು ಮೀಸಲಿಟ್ಟಿದ್ದ ಹಿಂದಿನ ಸೀಟುಗಳು ಎಂಜಿನ್ನಿನ ಬಿಸಿ ಮತ್ತು ಸದ್ದಿಗೆ ಅತ್ಯಂತ ಹತ್ತಿರದವು. ಎಂಜಿನ್ ಹಿಂದಕ್ಕೆ ಹೋದಾಗ ಅದರ ಉಪದ್ರವ ಇಲ್ಲವಾಗಲಿಲ್ಲ, ಬೇರೆಯವರ ಪಾಲಾಯಿತು, ಅಷ್ಟೆ.

ಬಾಲದ ಭಾರ

ಹಿಂದೆ ಎಂಜಿನ್ ಇಟ್ಟರೆ ಭಾರ ಹೇಗೆ ಹಂಚಿಕೆಯಾಗುತ್ತದೆ? ತರಗತಿಯಲ್ಲಿ ಕಲಿಸುವ ಸನ್ನೆಗೋಲಿನ ಲೆಕ್ಕ ಇಲ್ಲಿ ಸಾಕು. ಎರಡು ಅಚ್ಚುಗಳ ನಡುವೆ 6 ಮೀಟರ್ ಅಂತರವಿದೆ, ಎಂಜಿನ್ ಮತ್ತು ಗೇರ್‌ಬಾಕ್ಸ್ ಸೇರಿ 1000 ಕಿಲೋಗ್ರಾಂ ಎಂದಿಟ್ಟುಕೊಳ್ಳಿ. ಇದನ್ನು ಮುಂದಿನ ಅಚ್ಚಿನ ನೇರ ಮೇಲೆ ಇಟ್ಟರೆ ಅಷ್ಟೂ ಭಾರ ಆ ಅಚ್ಚಿಗೇ. ಬದಲಿಗೆ ಹಿಂದಿನ ಅಚ್ಚಿನಿಂದ 1.5 ಮೀಟರ್ ಹಿಂದೆ ನೇತುಹಾಕಿದರೆ? ಮುಂದಿನ ಅಚ್ಚಿನ ಸುತ್ತ ಭ್ರಾಮಕಗಳನ್ನು ಲೆಕ್ಕ ಹಾಕಿ: 1000 × 7.5 ÷ 6, ಅಂದರೆ ಹಿಂದಿನ ಅಚ್ಚಿಗೆ 1250 ಕಿಲೋಗ್ರಾಂ. ಉಳಿದ 250 ಎಲ್ಲಿಂದ ಬಂತು? ಮುಂದಿನ ಅಚ್ಚಿನ ಮೇಲಿದ್ದ ಭಾರದಿಂದ. ಬಾಲದ ಭಾರ ಏತದಂತೆ ಮುಂಭಾಗವನ್ನು ಅಷ್ಟರಮಟ್ಟಿಗೆ ಮೇಲಕ್ಕೆತ್ತುತ್ತದೆ.

ಇದರಿಂದ ಲಾಭವೂ ಇದೆ, ತೊಂದರೆಯೂ ಇದೆ. ಎಂಜಿನ್ನಿನ ಶಕ್ತಿ ಹೋಗುವುದು ಹಿಂದಿನ ಚಕ್ರಗಳಿಗೆ. ಅವುಗಳ ಮೇಲೆ ಭಾರ ಹೆಚ್ಚಿದ್ದಷ್ಟೂ ಮಡಿಕೇರಿಯ ಏರಿನಲ್ಲಿ, ಮಳೆಯಲ್ಲಿ, ಹಿಡಿತ ಚೆನ್ನಾಗಿರುತ್ತದೆ. ಆದರೆ ಸ್ಟಿಯರಿಂಗ್ ಮುಂದಿನ ಚಕ್ರಗಳ ಕೆಲಸ. ಅಲ್ಲಿ ಭಾರ ತೀರಾ ಕಡಿಮೆಯಾದರೆ ತಿರುವಿನಲ್ಲಿ ಬಸ್ಸು ಹೇಳಿದ ಮಾತು ಕೇಳದು. ಜೊತೆಗೆ ಭಾರವಾದ ಹಿಂದಿನ ಅಚ್ಚಿಗೆ ತಕ್ಕ ಸ್ಪ್ರಿಂಗು, ಟೈರು, ಬ್ರೇಕು ಬೇಕು.

ಬ್ರಿಟನ್ನಿನ ಅನುಭವ ಇದನ್ನೆಲ್ಲ ಚೆನ್ನಾಗಿ ತೋರಿಸುತ್ತದೆ. ಲಂಡನ್ ಸಾರಿಗೆ ಸಂಸ್ಥೆ 1937ರಲ್ಲಿ ಲೇಲ್ಯಾಂಡ್ ಕಂಪನಿಯ ‘ಕಬ್’ ಮಾದರಿಯ, 20 ಸೀಟುಗಳ ಒಂದು ಚಿಕ್ಕ ಹಿಂಬದಿ ಎಂಜಿನ್ ಬಸ್ಸನ್ನು ಪರೀಕ್ಷಿಸಿ, 1939ರಲ್ಲಿ ಇನ್ನೂ 48 ತರಿಸಿತು. ಅದೇ ವರ್ಷ ಯುದ್ಧ ಬಂತು, ಪ್ರಯೋಗ ಅಲ್ಲಿಗೇ ನಿಂತಿತು. 1960ರ ದಶಕದಲ್ಲಿ ಮತ್ತೆ ಉತ್ಸಾಹ ಮೂಡಿತು. ಕಂಡಕ್ಟರ್ ಇಲ್ಲದೆ ಚಾಲಕನೇ ಟಿಕೆಟು ಕೊಡಬೇಕಾದರೆ ಬಾಗಿಲು ಅವನ ಪಕ್ಕದಲ್ಲಿರಬೇಕು, ಅದಕ್ಕೆ ಎಂಜಿನ್ ಅಲ್ಲಿಂದ ಏಳಬೇಕು. ಲಂಡನ್ 1966ರಿಂದ ಎಇಸಿ ಕಂಪನಿಯ ‘ಮರ್ಲಿನ್’, ಅನಂತರ ‘ಸ್ವಿಫ್ಟ್’ ಬಸ್ಸುಗಳನ್ನು ನೂರಾರು ಸಂಖ್ಯೆಯಲ್ಲಿ ಕೊಂಡಿತು. ಅವು ಊರಿನ ಇಕ್ಕಟ್ಟಿನ ರಸ್ತೆಗಳಿಗೆ ಉದ್ದವಾದವು, ಕೆಟ್ಟು ನಿಲ್ಲುವುದು ಹೆಚ್ಚಾಯಿತು. 1973ರಿಂದಲೇ ಸೇವೆಯಿಂದ ತೆಗೆಯತೊಡಗಿದರು. ಬಳಕೆ ತಪ್ಪಿದ ಒಂದು ವಿಮಾನ ನಿಲ್ದಾಣದಲ್ಲಿ ಸಾಲಾಗಿ ನಿಲ್ಲಿಸಬೇಕಾಯಿತು.

ಅದೇ ಕಾಲದ ‘ಬ್ರಿಸ್ಟಲ್ ಆರ್‌ಇ’ ಮಾತ್ರ ಒಳ್ಳೆಯ ಹೆಸರು ಪಡೆಯಿತು. ಏಕೆ ಗೊತ್ತೇ? ಅದರ ವಿನ್ಯಾಸಕಾರರು ಎಂಜಿನ್ನನ್ನು ಅಚ್ಚಿನ ಹಿಂದೆ ಇಟ್ಟರೂ ಗೇರ್‌ಬಾಕ್ಸನ್ನು ಅಚ್ಚಿನ ಮುಂದೆ ಇಟ್ಟರು. ಎಂಜಿನ್ನಿನಿಂದ ಶಾಫ್ಟು ಅಚ್ಚಿನ ಮೇಲಿಂದ ಹಾದು ಗೇರ್‌ಬಾಕ್ಸಿಗೆ ಹೋಗಿ, ಅಲ್ಲಿಂದ ಶಕ್ತಿ ಮತ್ತೆ ಹಿಂದಕ್ಕೆ ಬಂದು ಅಚ್ಚನ್ನು ಸೇರುತ್ತದೆ. ಸುತ್ತುಬಳಸು ದಾರಿ ನಿಜ. ಆದರೆ ಗೇರ್‌ಬಾಕ್ಸಿನ ಭಾರ ಸನ್ನೆಗೋಲಿನ ಇನ್ನೊಂದು ಬದಿಗೆ ಹೋಯಿತಲ್ಲ! ನಮ್ಮ ಲೆಕ್ಕವನ್ನು ಗೇರ್‌ಬಾಕ್ಸ್ ಬೇರ್ಪಡಿಸಿ ಮತ್ತೊಮ್ಮೆ ಮಾಡಿ ನೋಡಿ. ಮುಂದೆ 1972ರಿಂದ ‘ಲೇಲ್ಯಾಂಡ್ ನ್ಯಾಷನಲ್’ ಏಳು ಸಾವಿರಕ್ಕೂ ಹೆಚ್ಚು ತಯಾರಾಗಿ, ಹಿಂಬದಿ ಎಂಜಿನ್ನಿನ ಒಂದಂತಸ್ತಿನ ಬಸ್ಸು ಬ್ರಿಟನ್ನಿನಲ್ಲಿ ಮಾಮೂಲಾಯಿತು. ಜರ್ಮನಿ ಇಷ್ಟು ಪಾಡು ಪಡಲಿಲ್ಲ. ಅಲ್ಲಿ 1951ರ ‘ಸೆಟ್ರಾ’ ಬಸ್ಸು ಲಾರಿಯ ಚಾಸಿಸ್ಸನ್ನೇ ಬಿಟ್ಟು, ಒಡಲೇ ಭಾರ ಹೊರುವಂತೆ ರಚನೆಯಾಗಿತ್ತು.

ನಮ್ಮಲ್ಲಿ ಏಕೆ ತಡ?

ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 120 ಬಸ್ಸುಗಳೊಂದಿಗೆ ಆರಂಭವಾದದ್ದು 1948ರ ಸೆಪ್ಟೆಂಬರ್ 12ರಂದು. 1961ರಲ್ಲಿ ಅದು ನಿಗಮವಾಯಿತು. ಅಲ್ಲಿಂದ ಶತಮಾನ ಮುಗಿಯುವವರೆಗೆ ನಮ್ಮ ಬಸ್ಸೆಂದರೆ ಮುಂದೆ ಎಂಜಿನ್ ಇರುವುದೇ. ಇದನ್ನು ಹಿಂದುಳಿದಿರುವಿಕೆ ಎಂದು ಸುಲಭವಾಗಿ ಹೇಳಿಬಿಡುವವರಿದ್ದಾರೆ. ನನಗೆ ಹಾಗೆ ತೋರುವುದಿಲ್ಲ. ಟಾಟಾ, ಅಶೋಕ್ ಲೇಲ್ಯಾಂಡ್ ಕಂಪನಿಗಳು ಚಾಸಿಸ್ ಕೊಡುತ್ತಿದ್ದವು, ಅದರ ಮೇಲೆ ಬಾಡಿ ಕಟ್ಟುವುದು ನಿಗಮದ ಕಾರ್ಯಾಗಾರ ಇಲ್ಲವೇ ಖಾಸಗಿ ಬಾಡಿ ಬಿಲ್ಡರುಗಳ ಕೆಲಸವಾಗಿತ್ತು. ಲಾರಿಗೂ ಬಸ್ಸಿಗೂ ಹೆಚ್ಚುಕಡಿಮೆ ಒಂದೇ ಬಿಡಿಭಾಗ, ಆದ್ದರಿಂದ ಯಾವ ಊರಲ್ಲಿ ಕೆಟ್ಟರೂ ಸಾಮಾನು ಸಿಗುತ್ತಿತ್ತು. ಎಂಜಿನ್ ಚಾಲಕನ ಪಕ್ಕದಲ್ಲಿದ್ದುದರಿಂದ ಅದರ ದನಿ ಬದಲಾದರೆ ಅವನ ಕಿವಿಗೆ ಕೂಡಲೇ ಗೊತ್ತಾಗುತ್ತಿತ್ತು. ಎಂಜಿನ್ ಹತ್ತು ಮೀಟರ್ ಹಿಂದಿದ್ದರೆ ಕ್ಲಚ್ಚು, ಗೇರು, ಆಕ್ಸಿಲರೇಟರುಗಳ ಸಂಪರ್ಕವೂ ಅಷ್ಟೇ ಉದ್ದವಾಗಬೇಕು.

ಇನ್ನು ಧೂಳು. ಓಡುವ ಬಸ್ಸಿನ ಬೆನ್ನಿಗೆ ಗಾಳಿಯ ಒತ್ತಡ ಕಡಿಮೆ. ಚಕ್ರಗಳು ಎಬ್ಬಿಸಿದ ಧೂಳು ಸುಳಿಯುತ್ತಾ ಅಲ್ಲಿಗೇ ಬಂದು ಸೇರುತ್ತದೆ. ಮಣ್ಣಿನ ರಸ್ತೆಯಲ್ಲಿ ಬಸ್ಸಿನ ಹಿಂದೆ ಸೈಕಲ್ ತುಳಿದವರಿಗೆ ಇದನ್ನು ವಿವರಿಸಬೇಕಿಲ್ಲ. ಮುಂದಿರುವ ರೇಡಿಯೇಟರಿಗೆ ಬಸ್ಸಿನ ಓಟವೇ ಗಾಳಿ ತಂದುಕೊಡುತ್ತದೆ, ಹಿಂದಿರುವುದಕ್ಕೆ ಫ್ಯಾನು ಎಳೆದು ಕೊಡಬೇಕು, ಅದೂ ಧೂಳು ತುಂಬಿದ ಗಾಳಿಯನ್ನು. ಒಳ್ಳೆಯ ರಸ್ತೆ ಬರುವವರೆಗೆ ಹಿಂಬದಿ ಎಂಜಿನ್ ಇಲ್ಲಿ ಬಾಳುವುದು ಕಷ್ಟವೇ ಇತ್ತು.

ಬದಲಾವಣೆ ಬಂದದ್ದು ಬೆಂಗಳೂರಿನ ಪಕ್ಕದ ಹೊಸಕೋಟೆಯಿಂದ. ಅಲ್ಲಿ 1998ರಲ್ಲಿ ಲಾರಿ ತಯಾರಿಕೆ ಆರಂಭಿಸಿದ್ದ ವೋಲ್ವೊ ಕಂಪನಿ 2001ರಲ್ಲಿ ‘ಬಿ7ಆರ್’ ಬಸ್ಸನ್ನು ಭಾರತಕ್ಕೆ ತಂದಿತು. ಏಳು ಲೀಟರ್ ಗಾತ್ರದ ಎಂಜಿನ್ ಬಾಲದಲ್ಲಿ, ಸ್ಪ್ರಿಂಗ್ ಪಟ್ಟಿಗಳ ಬದಲು ಗಾಳಿಚೀಲಗಳು, ನೆಲದಡಿ ಸಾಮಾನಿಗೆ ವಿಶಾಲ ಜಾಗ. ಉದ್ದನೆಯ ಶಾಫ್ಟು ಹೋದದ್ದರಿಂದಲೇ ಆ ಜಾಗ ಸಿಕ್ಕಿತು ಎಂಬುದನ್ನು ಗಮನಿಸಿ. ಕೆಲವೇ ವರ್ಷಗಳಲ್ಲಿ ಕೆಎಸ್‌ಆರ್‌ಟಿಸಿಯ ‘ಐರಾವತ’ ಮನೆಮಾತಾಯಿತು. ಜನ ಬಸ್ಸಿಗೆ ‘ವೋಲ್ವೊ’ ಎಂದೇ ಹೆಸರಿಟ್ಟರು, ಬೇರೆ ಕಂಪನಿಯದಾದರೂ!

ಆದರೆ ದೂರದ ಊರಿನ ಐರಾವತದ ನೆಲ ಎತ್ತರದ್ದೇ, ಮೆಟ್ಟಿಲು ಹತ್ತಲೇಬೇಕು. ನಮ್ಮ ಅಜ್ಜಿಗೆ ಬೇಕಾದದ್ದು 2005–06ರ ಸುಮಾರಿಗೆ ಬೆಂಗಳೂರಿನಲ್ಲಿ, ಬಿಎಂಟಿಸಿಯ ನಗರ ಬಸ್ಸಾಗಿ ಬಂತು. ಇದರ ಮುಂದಿನ ಅರ್ಧದ ನೆಲ ತಗ್ಗಿನಲ್ಲಿದೆ. ಅಲ್ಲಿ ಎಂಜಿನ್ ಇಲ್ಲ, ಶಾಫ್ಟ್ ಇಲ್ಲ, ಎತ್ತರದ ತೊಲೆಗಳೂ ಇಲ್ಲ. ಹಿಂದಿನ ಅಚ್ಚು ಬರುವ ಕಡೆ ಮಾತ್ರ ಒಳಗೇ ಮೆಟ್ಟಿಲು. ನಿಲ್ದಾಣದಲ್ಲಿ ಗಾಳಿಚೀಲದ ಗಾಳಿ ಬಿಟ್ಟು ಬಸ್ಸು ಬಾಗಿಲಿನ ಕಡೆಗೆ ಇನ್ನಷ್ಟು ಬಾಗಬಲ್ಲದು. ಗಾಲಿಕುರ್ಚಿಗೆ ಇಳಿಜಾರು ಹಲಗೆಯೂ ಉಂಟು. ಕೇಂದ್ರ ನಗರಾಭಿವೃದ್ಧಿ ಸಚಿವಾಲಯ 2008ರಲ್ಲಿ ನಗರ ಬಸ್ಸುಗಳಿಗೆ ನಿರ್ದೇಶಿಕೆ ಹೊರಡಿಸಿದಾಗ ನೆಲದ ಎತ್ತರವನ್ನು 400, 650, 900 ಮಿಲಿಮೀಟರ್ ಎಂದು ಮೂರು ದರ್ಜೆ ಮಾಡಿತು. ನರ್ಮ್ ಯೋಜನೆಯ ನೆರವಿನಿಂದ ತಗ್ಗು ನೆಲದ ಬಸ್ಸುಗಳು ಮೈಸೂರಿಗೂ ಬಂದು ಚಾಮುಂಡಿ ಬೆಟ್ಟ ಹತ್ತಿದವು. ದೆಹಲಿಯಲ್ಲಿ 2010ರ ಕಾಮನ್‌ವೆಲ್ತ್ ಕ್ರೀಡೆಗಳ ಹೊತ್ತಿಗೆ ಟಾಟಾ, ಅಶೋಕ್ ಲೇಲ್ಯಾಂಡ್ ತಯಾರಿಸಿದ ಇಂಥ ಬಸ್ಸುಗಳು ಸಿಎನ್‌ಜಿಯಲ್ಲಿ ಓಡುತ್ತಿದ್ದವು. ಬೆಲೆ, ನಿರ್ವಹಣೆಯ ಖರ್ಚು ಎರಡೂ ಹೆಚ್ಚಾದ್ದರಿಂದ ಕರ್ನಾಟಕದಲ್ಲಿ ಇವು ಸಾಮಾನ್ಯ ಬಸ್ಸಿನ ಸ್ಥಾನ ಪಡೆಯಲಿಲ್ಲ. ಬಹುಮಟ್ಟಿಗೆ ಹವಾನಿಯಂತ್ರಿತ ಬಸ್ಸುಗಳಾಗಿ, ಹೆಚ್ಚಿನ ಟಿಕೆಟ್ ದರದೊಂದಿಗೆ ಓಡಿದವು. ತಗ್ಗು ನೆಲ ಹೆಚ್ಚು ಅಗತ್ಯವಿದ್ದವರಿಗೇ ಅದು ಕೈಗೆಟುಕಲಿಲ್ಲ ಎಂಬುದು ಈ ಕಥೆಯಲ್ಲಿ ಬೇಸರದ ಸಂಗತಿ.

ಇನ್ನೊಂದು ಸಂಗತಿ ಬೇಸರದ್ದಲ್ಲ, ದುಃಖದ್ದು. ಎಂಜಿನ್ ಬಾಲಕ್ಕೆ ಹೋದಾಗ ಡೀಸೆಲ್ ಟ್ಯಾಂಕಿಗೂ ಹೊಸ ಜಾಗ ಹುಡುಕಬೇಕು. ಭಾರದ ಸಮತೋಲನಕ್ಕೆ ಮುಂಭಾಗ ಅನುಕೂಲ. ಆದರೆ ಡಿಕ್ಕಿಯಾದಾಗ ಮೊದಲು ಪೆಟ್ಟು ಬೀಳುವುದೂ ಅಲ್ಲಿಗೇ. 2013ರ ಅಕ್ಟೋಬರ್ 30ರ ನಸುಕಿನಲ್ಲಿ ಬೆಂಗಳೂರಿನಿಂದ ಹೈದರಾಬಾದಿಗೆ ಹೋಗುತ್ತಿದ್ದ ಖಾಸಗಿ ಬಸ್ಸು ಮೆಹಬೂಬ್‌ನಗರ ಜಿಲ್ಲೆಯ ಪಾಲೆಂ ಬಳಿ ಮೋರಿಯ ಕಟ್ಟೆಗೆ ಬಡಿದು, ಟ್ಯಾಂಕಿಗೆ ಬೆಂಕಿ ತಗಲಿ 45 ಜನ ಸತ್ತರು. ಎರಡೇ ವಾರದಲ್ಲಿ, ನವೆಂಬರ್ 14ರಂದು, ಹಾವೇರಿ ಬಳಿ ಇನ್ನೊಂದು ಬಸ್ಸು ಹೀಗೆಯೇ ಉರಿದು ಏಳು ಜನ ತೀರಿಕೊಂಡರು. ಎಂಜಿನ್ನಿನ ಕೋಣೆ ಚಾಲಕನ ಕಣ್ಣಿಗೆ ಬೀಳದಷ್ಟು ದೂರದಲ್ಲಿರುವುದೂ ಅಪಾಯವೇ. ಅಲ್ಲಿ ಬೆಂಕಿಯನ್ನು ತಾನಾಗಿ ಪತ್ತೆಹಚ್ಚಿ ನಂದಿಸುವ ಸಾಧನ ಇರಬೇಕೆಂಬ ನಿಯಮ ಆಮೇಲೆ ಬಂತು.

ಈಗ ಕಥೆ ಮತ್ತೊಂದು ತಿರುವಿನಲ್ಲಿದೆ. 2023ರ ಜನವರಿಯಿಂದ ಬೆಂಗಳೂರು–ಮೈಸೂರು ನಡುವೆ ಕೆಎಸ್‌ಆರ್‌ಟಿಸಿಯ ವಿದ್ಯುತ್ ಬಸ್ಸುಗಳು ಓಡುತ್ತಿವೆ. ವಿದ್ಯುತ್ ಬಸ್ಸಿಗೆ ಎಂಜಿನ್ ಇಲ್ಲ, ಮೋಟಾರು ಚಿಕ್ಕದು, ಅದನ್ನು ಹಿಂದಿನ ಅಚ್ಚಿನ ಹತ್ತಿರವೇ ಕೂರಿಸಬಹುದು. ಕಣ್ಣು ಮುಚ್ಚಿಕೊಂಡು ಗುರುತಿಸುವ ನಮ್ಮ ಆಟ ಇಲ್ಲಿ ನಡೆಯದು. ಆದರೆ ಬ್ಯಾಟರಿಗಳಿಗೆ ಎಂಜಿನ್ನಿಗಿಂತ ಹೆಚ್ಚು ಭಾರ. ಚಾವಣಿಯ ಮೇಲೆ ಇಟ್ಟರೆ ಗುರುತ್ವ ಕೇಂದ್ರ ಮೇಲೇರುತ್ತದೆ. ನೆಲದಡಿ ಇಟ್ಟರೆ ನೆಲವೇ ಮೇಲೇರುತ್ತದೆ. ಬಾಲದಲ್ಲಿ ಇಟ್ಟರೆ 7.5 ÷ 6 ಎಂಬ ಹಳೆಯ ಲೆಕ್ಕ ಮತ್ತೆ ಬರುತ್ತದೆ. ಎರಡು ಸಾವಿರ ಕಿಲೋಗ್ರಾಂ ಬ್ಯಾಟರಿಗಳನ್ನು ನೀವಾದರೆ ಎಲ್ಲೆಲ್ಲಿ ಎಷ್ಟೆಷ್ಟು ಇಡುವಿರಿ ಎಂದು ವಿದ್ಯಾರ್ಥಿಗಳಿಗೆ ಕೇಳಿ. ಉತ್ತರ ಬರೆಯುವ ಮೊದಲು ಅವರು ಅಳತೆ ಪಟ್ಟಿ ಹಿಡಿದು ನಿಲ್ದಾಣಕ್ಕೆ ಹೋಗಿ, ನಿಂತ ಬಸ್ಸುಗಳ ಮೊದಲ ಮೆಟ್ಟಿಲು ರಸ್ತೆಯಿಂದ ಎಷ್ಟು ಸೆಂಟಿಮೀಟರ್ ಮೇಲಿದೆ ಎಂದು ಗುರುತು ಹಾಕಿಕೊಂಡು ಬರಲಿ.